ನಿಂತು ನೋಡುವುದು ತಪ್ಪಲ್ಲ, ನಿಲ್ಲಲು ಜಾಗ ಕೊಡದಿರುವುದು ತಪ್ಪು



ನಾನು ಯಾವಾಗಲೂ ಬರೆಯುವುದು ಪಾಠ, ಪುಸ್ತಕ, ಪಟಸಂಖ್ಯೆ, ಖಾಲಿ ಬಿದ್ದ ಶಿಕ್ಷಕರ ಜಾಗಗಳ ಬಗ್ಗೆ. ಇವತ್ತು ಅವೆಲ್ಲ ಪಕ್ಕಕ್ಕಿರಲಿ. ಇವತ್ತಿನ ವಿಷಯ ಆಟ. ಆಡುವವರದ್ದೂ ಅಲ್ಲ, ಮೈದಾನದ ಅಂಚಿಗೆ ನಿಂತು ನೋಡುವವರದ್ದು.

'ಫುಟ್ಬಾಲ್ ಕ್ರೀಡಾಂಗಣದಲ್ಲಿ ಅಭಿಮಾನಿಗಳಿಗೆ ಸುರಕ್ಷಿತವಾಗಿ ನಿಲ್ಲುವ ಜಾಗ ಇರಬೇಕೋ ಬೇಡವೋ' ಎಂಬುದು ಇಂಗ್ಲೆಂಡಿನಲ್ಲಿ ಮೂವತ್ತು ವರ್ಷ ನಡೆದ ದೊಡ್ಡ ವಾದ. "ಕುರನೂರಿನ ಮಾಸ್ತರಗ ಇದರ ಉಸಾಬರಿ ಯಾಕ?" ಅಂತ ನೀವು ಕೇಳಬಹುದು. ಉಸಾಬರಿ ಇದೆ. ಯಾಕೆಂದರೆ ನಾವು ಎಲ್ಲವನ್ನೂ ನಿಂತೇ ನೋಡುವ ಮಂದಿ. ಜಾತ್ರೆಯ ಕುಸ್ತಿ ನಿಂತು ನೋಡುತ್ತೇವೆ. ರಾತ್ರಿ ಲೈಟ್ ಹಾಕಿ ಆಡಿಸುವ ಕಬಡ್ಡಿ ನಿಂತು ನೋಡುತ್ತೇವೆ. ತಾಲೂಕಾ ಮಟ್ಟದ ಶಾಲಾ ಕ್ರೀಡಾ ಸ್ಪರ್ಧೆಗೆ ಹೋದರೆ ನಮ್ಮ ಮಕ್ಕಳು ಸುಣ್ಣದ ಗೆರೆಯ ಮೇಲೆಯೇ ನಿಂತಿರುತ್ತಾರೆ. ಸೊಲ್ಲಾಪುರದ ಗಡ್ಡಾ ಜಾತ್ರೆಯಲ್ಲಿ ಸಿದ್ಧರಾಮೇಶ್ವರರ ಅಕ್ಷತೆಗೆ ಸಮ್ಮತಿ ಕಟ್ಟೆಯ ಸುತ್ತ ಲಕ್ಷಗಟ್ಟಲೆ ಜನ ನಿಂತಿರುತ್ತಾರೆ, ಏಳು ನಂದಿಧ್ವಜಗಳಿಗೆ ನಿಂತೇ ಕೈಮುಗಿಯುತ್ತಾರೆ. ಕುರ್ಚಿ ಇರುವುದು ವೇದಿಕೆಯ ಮೇಲೆ, ಸತ್ಕಾರಮೂರ್ತಿಗಳಿಗೆ. ನಮಗೆ ನೆಲ.

ಹಾಗಿದ್ದ ಮೇಲೆ, ನಿಂತವನ ಜೀವದ ಲೆಕ್ಕ ಯಾರು ಇಡಬೇಕು? ಈ ಬರಹದ ಪ್ರಶ್ನೆ ಇಷ್ಟೇ.

ಮೊದಲು ಇಂಗ್ಲೆಂಡಿನ ಕಥೆ ಕೇಳಿ. 1989ರ ಏಪ್ರಿಲ್ 15. ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಮೈದಾನ. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಕಪ್ ಸೆಮಿಫೈನಲ್. ಗೋಲ್ ಹಿಂದಿನ ನಿಲ್ಲುವ ಜಾಗವನ್ನು ಕಬ್ಬಿಣದ ಬೇಲಿ ಹಾಕಿ ದನದ ಕೊಟ್ಟಿಗೆಯ ಹಾಗೆ ಭಾಗ ಮಾಡಿದ್ದರು. ಹೊರಗೆ ಗದ್ದಲ ಹೆಚ್ಚಾಯಿತೆಂದು ಪೊಲೀಸರು ಒಂದು ದೊಡ್ಡ ಗೇಟು ತೆರೆಸಿದರು. ಆದರೆ ಒಳಗೆ ಬಂದವರು ಯಾವ ಕಡೆ ಹೋಗಬೇಕು ಅಂತ ಹೇಳಲು ಒಬ್ಬನನ್ನೂ ನಿಲ್ಲಿಸಲಿಲ್ಲ. ಎದುರಿಗೇ ಕಂಡ ಸುರಂಗದಂಥ ದಾರಿಯಲ್ಲಿ ಎಲ್ಲರೂ ನಡುವಿನ ಎರಡು ಭಾಗಗಳಿಗೆ ಹೋದರು. ಪಕ್ಕದ ಭಾಗಗಳಲ್ಲಿ ಜಾಗ ಇತ್ತು! ಮುಂದೆ ಎತ್ತರದ ಬೇಲಿ, ಹಿಂದೆ ಬರುತ್ತಲೇ ಇರುವ ಜನ. 97 ಮಂದಿ ಸತ್ತರು. ಎಲ್ಲರಿಗಿಂತ ಚಿಕ್ಕವನ ವಯಸ್ಸು 10. ನಮ್ಮ ಲೆಕ್ಕದಲ್ಲಿ ಇಯತ್ತೆ ಐದನೆಯ ಹುಡುಗ.

ಸತ್ತವರ ಹೆಣ ಮನೆ ಸೇರುವ ಮುಂಚೆಯೇ ಆಪಾದನೆ ಅವರ ಮೇಲೆ ಬಂತು. ಕುಡಿದು ಬಂದಿದ್ದರು, ನುಗ್ಗಿದರು ಅಂತ. ಒಂದು ದೊಡ್ಡ ಪತ್ರಿಕೆ ಮುಖಪುಟದಲ್ಲಿ ಅದನ್ನೇ ಬರೆಯಿತು. ತನಿಖೆ ಮಾಡಿದ ನ್ಯಾಯಮೂರ್ತಿ ಟೇಲರ್ ಅದೇ ವರ್ಷ, ಮುಖ್ಯ ಕಾರಣ ಪೊಲೀಸ್ ನಿಯಂತ್ರಣ ತಪ್ಪಿದ್ದು ಅಂತ ಹೇಳಿದರು. ಆದರೂ ಸುಳ್ಳು ಸಾಯಲಿಲ್ಲ. 27 ವರ್ಷ ಹೋರಾಡಿದ ಮೇಲೆ 2016ರಲ್ಲಿ ಪಂಚರ ಮಂಡಳಿ, ಅಭಿಮಾನಿಗಳ ತಪ್ಪು ಏನೂ ಇಲ್ಲ, ಇದು ಕಾನೂನುಬಾಹಿರವಾಗಿ ಆದ ಸಾವು ಅಂತ ತೀರ್ಪು ಕೊಟ್ಟಿತು. ಇಪ್ಪತ್ತೇಳು ವರ್ಷ! ಅಂದು ಮಗನನ್ನು ಕಳೆದುಕೊಂಡ ಎಷ್ಟೋ ತಂದೆ ತಾಯಿ ಅಷ್ಟರಲ್ಲಿ ತೀರಿಹೋಗಿದ್ದರು.

ಟೇಲರ್ ವರದಿ 1990ರಲ್ಲಿ ಪೂರ್ಣವಾಗಿ ಬಂತು. ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಕುರ್ಚಿ ಇರಲಿ ಎಂಬ ಸಲಹೆ ಅದರಲ್ಲಿತ್ತು. 1994ರಿಂದ ಮೇಲಿನ ಎರಡು ದರ್ಜೆಯ ಕ್ಲಬ್ಬುಗಳಿಗೆ ಅದು ಕಡ್ಡಾಯವಾಯಿತು. ಆದರೆ ಅದೇ ವರದಿಯಲ್ಲಿ ಟೇಲರ್ ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದರು: ನಿಂತು ನೋಡುವುದು ತನ್ನಷ್ಟಕ್ಕೇ ಅಪಾಯವಲ್ಲ. ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಮುಂದೆ ಏನಾಯಿತು? ಕುರ್ಚಿ ಬಂತು, ಟಿಕೆಟ್ ದರ ಏರಿತು. ಜನ ಕೂತರೇ? ಇಲ್ಲ. ಕುರ್ಚಿಯ ಮುಂದೆಯೇ ಎದ್ದು ನಿಂತರು. ಮೊಣಕಾಲ ಎತ್ತರದ ಕುರ್ಚಿಯ ಬೆನ್ನು ಮುಂದಿದ್ದರೆ, ಗೋಲ್ ಆದಾಗ ಹಿಂದಿನವನು ತಳ್ಳಿದರೆ ಮುಂದಿನ ಸಾಲಿನ ಮೇಲೆ ಮಗುಚಿ ಬೀಳುತ್ತಾನೆ. ಅಂದರೆ ಸುರಕ್ಷೆಗೆಂದು ತಂದ ಕುರ್ಚಿಯೇ ಎಡವುವ ಕಲ್ಲಾಯಿತು.

ಜರ್ಮನಿಯವರು ಬೇರೆ ದಾರಿ ಹಿಡಿದಿದ್ದರು. ಡಾರ್ಟ್‌ಮುಂಡ್ ಊರಿನ ಕ್ರೀಡಾಂಗಣದ ದಕ್ಷಿಣ ಗ್ಯಾಲರಿಯಲ್ಲಿ ಇವತ್ತಿಗೂ ಸುಮಾರು 25,000 ಜನ ನಿಂತೇ ಪಂದ್ಯ ನೋಡುತ್ತಾರೆ, ಅದೂ ಕಡಿಮೆ ದರದಲ್ಲಿ. ಅಲ್ಲಿ ಅಳತೆ ಇದೆ, ತಡೆಗಂಬಿ ಇದೆ, ಎಷ್ಟು ಜನ ಅಂತ ಎಣಿಕೆ ಇದೆ. ಕಡೆಗೆ ಇಂಗ್ಲೆಂಡೂ ದಾರಿಗೆ ಬಂತು. 2022ರ ಜನವರಿಯಲ್ಲಿ ಐದು ಕ್ರೀಡಾಂಗಣಗಳಲ್ಲಿ ಪರೀಕ್ಷೆ ಮಾಡಿ, ಅದೇ ವರ್ಷದ ಮುಂದಿನ ಹಂಗಾಮಿನಿಂದ ಪರವಾನಗಿ ಪಡೆದ ಕ್ಲಬ್ಬುಗಳಿಗೆ ನಿಲ್ಲುವ ಜಾಗ ಮಾಡಲು ಒಪ್ಪಿಗೆ ಕೊಟ್ಟರು. ಪ್ರತಿ ಸಾಲಿಗೂ ಸೊಂಟದ ಎತ್ತರಕ್ಕೆ ಗಟ್ಟಿ ಕಂಬಿ, ಒಬ್ಬ ಮನುಷ್ಯನಿಗೆ ಒಂದೇ ಜಾಗ. ಹಿಂದಿನವನು ಎಷ್ಟೇ ಕುಣಿದರೂ ಮುಂದಿನ ಸಾಲಿನ ಮೇಲೆ ಬೀಳುವುದಿಲ್ಲ. ಇಷ್ಟು ಸರಳ ಸಂಗತಿಗೆ ಮೂವತ್ತು ವರ್ಷ ಬೇಕಾಯಿತು.

ಈಗ ನಮ್ಮ ಕಡೆ ಬರೋಣ.

1980ರ ಆಗಸ್ಟ್ 16ರಂದು ಕೋಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಅಭಿಮಾನಿಗಳು ಸತ್ತರು. ಅಲ್ಲಿನವರು ಆ ದಿನವನ್ನು ಫುಟ್ಬಾಲ್ ಪ್ರೇಮಿಗಳ ದಿನವೆಂದು ನೆನೆಯುತ್ತಾರೆ. 2021ರ ಮಾರ್ಚಿನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಪಂದ್ಯಾವಳಿಯ ತಾತ್ಕಾಲಿಕ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಮರುವರ್ಷದ ಮಾರ್ಚಿನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಏಳು ಜನರ ಫುಟ್ಬಾಲ್ ಪಂದ್ಯಕ್ಕೆ ಕಟ್ಟಿದ ಗ್ಯಾಲರಿ ಹಾಗೆಯೇ ಕುಸಿಯಿತು. ಇವು ರಾಜಧಾನಿಯ ಕ್ರೀಡಾಂಗಣಗಳಲ್ಲ, ನಮ್ಮ ನಿಮ್ಮ ಊರಿನಂಥ ಊರುಗಳು.

ಇನ್ನು 2025ರ ಜೂನ್ 4 ಯಾರಿಗೆ ಮರೆತೀತು? ಆಟ ಕ್ರಿಕೆಟ್ಟೇ ಇರಬಹುದು, ಗೇಟಿನ ಲೆಕ್ಕ ಎಲ್ಲ ಆಟಕ್ಕೂ ಒಂದೇ. ಹಿಂದಿನ ದಿನ ಆರ್‌ಸಿಬಿ ಮೊದಲ ಸಲ ಐಪಿಎಲ್ ಗೆದ್ದಿತ್ತು. ಗಡಿಯ ಈಚೆಗಿರುವ ನಮ್ಮ ಹುಡುಗರೂ ಪಟಾಕಿ ಹಚ್ಚಿದ್ದರು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ 11 ಮಂದಿ ಸತ್ತರು. ಒಳಗೆ ಹಿಡಿಸುವುದು ಸುಮಾರು 35,000 ಜನ, ಬಂದದ್ದು ಎರಡು-ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದರು. ಸತ್ತವರಲ್ಲಿ ಶಾಲೆಗೆ ಹೋಗುವ ಒಬ್ಬ ಹುಡುಗಿಯೂ ಇದ್ದಳು. ಒಳಗೆ ಕುರ್ಚಿಗಳಿದ್ದವಲ್ಲ, ಸ್ವಾಮಿ? ಆ ಕುರ್ಚಿಗಳು ಯಾರನ್ನು ಉಳಿಸಿದವು? ಸತ್ತವರು ಸತ್ತದ್ದು ಗೇಟಿನ ಹೊರಗೆ, ಯಾರೂ ಅಳೆಯದ, ಯಾರೂ ಎಣಿಸದ ಜಾಗದಲ್ಲಿ ನಿಂತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹಾ ಆಯೋಗ, ಆ ಕ್ರೀಡಾಂಗಣದ ರಚನೆಯೇ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಅಂತ ಹೇಳಿತು.

ಇಲ್ಲಿ ಒಂದು ಶಬ್ದದ ಬಗ್ಗೆ ಹೇಳಲೇಬೇಕು, ಭಾಷೆ ಕಲಿಸುವವನು ನಾನು. ಇಂಥ ದುರಂತಕ್ಕೆ ನಮ್ಮ ಕನ್ನಡ ಪತ್ರಿಕೆಗಳು 'ಕಾಲ್ತುಳಿತ' ಅಂತ ಬರೆಯುತ್ತವೆ. ಓದಿದ ಕೂಡಲೇ ಏನನಿಸುತ್ತದೆ? ಜನ ಜನರನ್ನು ತುಳಿದು ಓಡಿದರು, ತಪ್ಪು ಕಾಲಿನದು, ತಪ್ಪು ಜನರದು ಅಂತ. ಆದರೆ ಇಂಥ ಕಡೆ ಬಹಳಷ್ಟು ಮಂದಿ ಸಾಯುವುದು ತುಳಿತದಿಂದ ಅಲ್ಲ. ನಿಂತಲ್ಲೇ ಎದೆ ಅದುಮಿ, ಉಸಿರು ಎಳೆದುಕೊಳ್ಳಲಾಗದೆ ಸಾಯುತ್ತಾರೆ. ಕೆಳಗೆ ಬೀಳಲೂ ಜಾಗ ಇರುವುದಿಲ್ಲ. ಹಿಂದಿನ ಸಾಲಿನವನಿಗೆ ಮುಂದೆ ಹೀಗಾಗುತ್ತಿದೆ ಅಂತ ಗೊತ್ತೇ ಇರುವುದಿಲ್ಲ. ನಮ್ಮ ನೆರೆಯ ಮರಾಠಿಯಲ್ಲಿ ಇದಕ್ಕೆ 'ಚೆಂಗರಾಚೆಂಗರಿ' ಅಂತಾರೆ. ಚೆಂಗರಣೆ ಎಂದರೆ ಅದುಮಿ ಜಜ್ಜಿಹೋಗುವುದು. ಈ ಒಂದು ವಿಷಯದಲ್ಲಿ ಮರಾಠಿ ಶಬ್ದವೇ ಸತ್ಯಕ್ಕೆ ಹತ್ತಿರ ಇದೆ. ಎರಡೂ ಭಾಷೆ ಗೊತ್ತಿರುವ ನಾವಾದರೂ ಮಕ್ಕಳಿಗೆ ಸರಿಯಾದ್ದನ್ನು ಹೇಳೋಣ.

ಈಗ ಎದುರುವಾದಿಗಳ ಮಾತಿಗೆ ಉತ್ತರ.

ಮೊದಲನೆಯ ಮಾತು: "ಸುಮ್ನ ಕುರ್ಚಿ ಮ್ಯಾಲೆ ಕುಂತು ನೋಡಿದ್ರ ಏನಾಗ್ತದ?" ಆಗಬಹುದು. ಮುದುಕರಿಗೆ, ಬಸುರಿಯರಿಗೆ, ಅಂಗವಿಕಲರಿಗೆ, ಎಳೆಕೂಸು ಎತ್ತಿಕೊಂಡ ತಾಯಂದಿರಿಗೆ ಕುರ್ಚಿ ಬೇಕೇ ಬೇಕು, ಅದೂ ಮುಂದಿನ ಸಾಲಿನಲ್ಲಿ. ಆ ಜಾಗದಲ್ಲಿ ಪುಢಾರಿಗಳು ಕೂಡಬಾರದು. ಆದರೆ ಕುರ್ಚಿ ಹಾಕಿದ ಮಾತ್ರಕ್ಕೆ ಶಿಸ್ತು ಬರುತ್ತದೆ ಅನ್ನುವುದು ಭ್ರಮೆ. 2025ರ ಡಿಸೆಂಬರ್ 13ರಂದು ಮೆಸ್ಸಿ ಕೋಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಬಂದಾಗ ಏನಾಯಿತು? ಸಾವಿರಾರು ರೂಪಾಯಿ ಕೊಟ್ಟು ಕುರ್ಚಿ ಹಿಡಿದವರಿಗೆ ಮೆಸ್ಸಿ ಕಾಣಲೇ ಇಲ್ಲ. ಸುತ್ತ ದೊಡ್ಡವರ ಗುಂಪು, ಅವನು ಬೇಗನೇ ಹೋಗಿಬಿಟ್ಟ. ಸಿಟ್ಟಿಗೆದ್ದ ಜನ ಅದೇ ಕುರ್ಚಿಗಳನ್ನು ಕಿತ್ತು ಮೈದಾನಕ್ಕೆ ಎಸೆದರು. ಜನಕ್ಕೆ ಬೇಕಾದದ್ದು ಕುರ್ಚಿ ಅಲ್ಲ, ಆಟ ಕಾಣಬೇಕು, ಜೀವ ಉಳಿಯಬೇಕು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳು ಆಟ ಮುಗಿಯುವತನಕ ನಿಂತು ಹಾಡುತ್ತಾರೆ. ಕೊಲ್ಹಾಪುರದ ಶಾಹು ಸ್ಟೇಡಿಯಮ್ಮಿನಲ್ಲಿ ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮುಗಳ ಪಂದ್ಯವೆಂದರೆ ಪೇಟೆಗೆ ಪೇಟೆಯೇ ಬಂದು ಸೇರುತ್ತದೆ. ಅವರಿಗೆ "ಕೂತ್ಕೊಳ್ರಿ" ಅಂದರೆ ಕೂರುತ್ತಾರೆಯೇ? ಕೂರದವರಿಗೆ ನಿಲ್ಲುವ ಜಾಗವನ್ನೇ ಗಟ್ಟಿ ಮಾಡಿ ಕೊಡುವುದು ಜಾಣತನ.

ಎರಡನೆಯ ಮಾತು: "ನಮ್ಮ ಜನಕ್ಕ ಬುದ್ಧಿ ಇಲ್ಲ." ಇದು ಎಲ್ಲಕ್ಕಿಂತ ಕೆಟ್ಟ ಮಾತು. ಹಿಲ್ಸ್‌ಬರೋದಲ್ಲಿ 27 ವರ್ಷ ಹೇಳಿದ್ದೂ ಇದನ್ನೇ. ವರ್ಗದಲ್ಲಿ ಮೂವತ್ತು ಮಕ್ಕಳು ಹಿಡಿಸುವಲ್ಲಿ ತೊಂಬತ್ತು ಮಕ್ಕಳನ್ನು ಕೂಡಿಸಿ, "ಮಕ್ಕಳಿಗೆ ಶಿಸ್ತಿಲ್ಲ" ಅಂತ ಛಡಿ ಎತ್ತಿದ ಹಾಗೆ ಇದು. ಶಿಸ್ತಿಗೆ ಮೊದಲು ಜಾಗ ಬೇಕು ಗುರುಗಳೇ. ಗಡ್ಡಾದಲ್ಲಿ ಬಿಳಿ ಬಾರಾಬಂದಿ ತೊಟ್ಟ ಭಕ್ತರು ಅಷ್ಟೆತ್ತರದ ನಂದಿಧ್ವಜ ಹೊತ್ತು ಬರುವಾಗ ಜನ ಸರಿದು ದಾರಿ ಕೊಡುತ್ತಾರಲ್ಲ, ಅದೇ ಜನ ಅಲ್ಲವೇ ಇವರೂ? ದಾರಿ ಯಾವುದು ಅಂತ ಗೊತ್ತಿದ್ದರೆ, ಹೇಳುವವನು ಇದ್ದರೆ, ಜನ ಕೇಳುತ್ತಾರೆ.

ಮೂರನೆಯ ಮಾತು: "ಇದೆಲ್ಲ ಇಂಗ್ಲೆಂಡ, ಜರ್ಮನಿಗೆ ಸರಿ. ನಮಗ ಎಲ್ಲಿಂದ ರೊಕ್ಕ?" ಇದಕ್ಕೆ ಉತ್ತರ ಕೊಲ್ಹಾಪುರದಲ್ಲೇ ಇದೆ. ರಾಜರ್ಷಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಕುಸ್ತಿ ಮೈದಾನ ನೋಡಿದವರಿಗೆ ಗೊತ್ತು. 1912ರಲ್ಲಿ ಪೂರ್ಣವಾದದ್ದು. ನಡುವೆ ಅಖಾಡ, ಸುತ್ತಲೂ ಬಟ್ಟಲಿನ ಹಾಗೆ ಮೇಲೇರುವ ನೆಲ. ಕಣ್ಣಿಗೆ ಅಡ್ಡ ಬರುವ ಕಂಬವಿಲ್ಲ. ಎಷ್ಟು ದೂರ ಕೂತರೂ, ನಿಂತರೂ ಪೈಲವಾನರು ಕಾಣುತ್ತಾರೆ. ಜನ ತಳ್ಳುವುದು ಯಾಕೆ? ಕಾಣುವುದಿಲ್ಲ ಅಂತ. ಕಂಡರೆ ತಳ್ಳುವುದಿಲ್ಲ. ನೂರು ವರ್ಷದ ಹಿಂದೆ ನಮ್ಮ ಪಕ್ಕದ ಸಂಸ್ಥಾನದ ರಾಜರಿಗೆ ತಿಳಿದದ್ದು ಇವತ್ತಿನ ನಮ್ಮ ಸಂಯೋಜಕರಿಗೆ ತಿಳಿಯಬಾರದೇ?

ಬನ್ನಿ, ಒಂದು ಲೆಕ್ಕ ಮಾಡೋಣ. ನಮ್ಮ ಶಾಲೆಯ ಮೈದಾನದ ಒಂದು ಬದಿ 40 ಮೀಟರ್ ಅಂತ ಹಿಡಿಯಿರಿ. ಅಲ್ಲಿ 3 ಮೀಟರ್ ಅಗಲದ ಪಟ್ಟಿ ನೋಡುವವರಿಗೆ. 40 ಗುಣಿಸು 3, ಅಂದರೆ 120 ಚದರ ಮೀಟರ್. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷೆಯ ಕೈಪಿಡಿ 'ಗ್ರೀನ್ ಗೈಡ್' ಪ್ರಕಾರ 10 ಚದರ ಮೀಟರಿಗೆ ಹೆಚ್ಚೆಂದರೆ 47 ಜನ ನಿಲ್ಲಬಹುದು. ಆ ಲೆಕ್ಕದಲ್ಲಿ 564 ಜನ. ಆದರೆ ಅದು ಒಳ್ಳೆಯ ಮೆಟ್ಟಿಲು, ತಡೆಗಂಬಿ, ಬಾಗಿಲು ಎಲ್ಲ ಸರಿಯಿದ್ದಾಗಿನ ಮಾತು. ನಮ್ಮದು ಮಣ್ಣಿನ ನೆಲ, ನೋಡುವವರಲ್ಲಿ ಅರ್ಧ ಮಕ್ಕಳು. ಅರ್ಧ ಮಾಡಿ, 280 ಅಂತ ಇಟ್ಟುಕೊಳ್ಳಿ. 280 ಆದ ಮೇಲೆ ಆ ಬದಿ ಬಂದ್! ಉಳಿದವರಿಗೆ ಎದುರು ಬದಿಯಲ್ಲಿ ಇನ್ನೊಂದು ಪಟ್ಟಿ.

ಆ ಪಟ್ಟಿಯ ಹಿಂದಿನ ಅಂಚನ್ನು ಮೂರಡಿ, ಅಂದರೆ ಸುಮಾರು 0.9 ಮೀಟರ್ ಎತ್ತರಿಸಿ ಇಳಿಜಾರು ಮಾಡಲು ಎಷ್ಟು ಮುರುಮ ಬೇಕು? 40 ಗುಣಿಸು 3 ಗುಣಿಸು 0.9, ಭಾಗಿಸು 2. ಒಟ್ಟು 54 ಘನ ಮೀಟರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸುಮಾರು 19 ಬ್ರಾಸ್. ಒಂದು ಜಾತ್ರೆಯ ಡಿಜೆ, ಫ್ಲೆಕ್ಸು, ಹಾರ-ತುರಾಯಿಗೆ ಆಗುವ ಖರ್ಚಿನ ಪಕ್ಕದಲ್ಲಿ ಈ 19 ಬ್ರಾಸ್ ಮುರುಮದ ಖರ್ಚನ್ನು ಇಟ್ಟು ನೋಡಿ. ರೊಕ್ಕ ಇಲ್ಲ ಅನ್ನುವವರಿಗೆ ಉತ್ತರ ಅಲ್ಲೇ ಸಿಗುತ್ತದೆ.

ಹಾಗಾದರೆ ನಾನು ಕೇಳುವುದು ಏನು? ಹೆಚ್ಚೇನಲ್ಲ.

ಒಂದು: ಎಲ್ಲಿ ಜನ ನಿಂತು ಆಟ ನೋಡುತ್ತಾರೋ ಅಲ್ಲಿ ನಿಲ್ಲುವ ಜಾಗವನ್ನು ಟೇಪು ಹಿಡಿದು ಅಳೆದು, ಎಷ್ಟು ಜನ ಅಂತ ಬೋರ್ಡಿನ ಮೇಲೆ ಬರೆಯಬೇಕು.

ಎರಡು: ಹಗ್ಗ ತಡೆಯಲ್ಲ, ತಂತಿಬೇಲಿ ಅದಕ್ಕಿಂತ ಕೆಟ್ಟದ್ದು. ಸೊಂಟದ ಎತ್ತರಕ್ಕೆ ಗಟ್ಟಿ ಪೈಪು ಹೂಳಬೇಕು. ನಡುನಡುವೆ ಮೈದಾನದ ಕಡೆಗೇ ಹೊರಬರಲು ಕಂಡಿ ಬಿಡಬೇಕು. ಹಿಲ್ಸ್‌ಬರೋದಲ್ಲಿ ಕೊಂದದ್ದರಲ್ಲಿ ಮುಂದಿನ ಬೇಲಿಯದೂ ಪಾಲಿದೆ ಅನ್ನುವುದನ್ನು ಮರೆಯಬಾರದು.

ಮೂರು: ಬರುವ ದಾರಿಯೇ ಹೋಗುವ ದಾರಿ ಆಗಬಾರದು. ಗೇಟು ಹೊರಕ್ಕೆ ತೆರೆಯಬೇಕು, ಆಟ ನಡೆಯುವಾಗ ಬೀಗ ಇರಕೂಡದು.

ನಾಲ್ಕು: ಮರ, ಟ್ರಾಲಿ, ಶಾಲೆಯ ತಗಡಿನ ಮಾಡು, ಗುಡಿಯ ಕಂಪೌಂಡ್ ಗೋಡೆ, ಇವು ಗ್ಯಾಲರಿಗಳಲ್ಲ. ಅಲ್ಲಿ ಏರಿದವರು ಇಳಿಯುವತನಕ ಆಟ ನಿಲ್ಲಬೇಕು. ಹಾಗೆ ನಿಲ್ಲಿಸುವ ಅಧಿಕಾರ ಒಬ್ಬ ಮನುಷ್ಯನ ಕೈಯಲ್ಲಿ ಇರಬೇಕು. ಅವನ ಮಾತಿಗೆ ಸರಪಂಚರೂ ಅಡ್ಡ ಬರಬಾರದು.

ಐದು: ನಮ್ಮ ಗಡಿಭಾಗದಲ್ಲಿ ಸೂಚನೆ ಎರಡೂ ಭಾಷೆಯಲ್ಲಿ ಇರಬೇಕು. ಇದರಲ್ಲಿ ಭಾಷೆಯ ಜಗಳ ಇಲ್ಲ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಮಾತ್ರ ಬರುವ ಎಷ್ಟೋ ಆಯಿ-ಅಜ್ಜಂದಿರಿದ್ದಾರೆ. "ಮಾಗೆ ಸರಕಾ" ಅಂತ ಮೈಕಿನಲ್ಲಿ ಕೂಗಿದಾಗ ಅವರಿಗೆ ತಿಳಿಯದೆ ಮುಂದಕ್ಕೆ ಬಂದರೆ ತಪ್ಪು ಯಾರದು? "ಹಿಂದ ಸರೀರಿ" ಅಂತ ಒಂದು ಮಾತು ಕೂಡಿಸಲು ರೊಕ್ಕ ಬೀಳುವುದಿಲ್ಲ. ಕನ್ನಡ ಶಾಲೆಗೆ ಒಬ್ಬ ಶಿಕ್ಷಕ ಬೇಕು ಅಂತ ನಾವು ಅರ್ಜಿ ಕೊಡುವ ಹಾಗೆಯೇ, ಮೈಕಿನ ಮುಂದೆ ಒಬ್ಬ ಕನ್ನಡದವ ಬೇಕು ಅಂತಲೂ ಕೇಳಬೇಕು. ಹೆಸರಿಗೆ ಉಳಿದ ಭಾಷೆ ಸಾಕಾಗುವುದಿಲ್ಲ, ಜೀವ ಉಳಿಸುವಾಗಲೂ ಅದು ಕೆಲಸಕ್ಕೆ ಬರಬೇಕು.

ಹಿಲ್ಸ್‌ಬರೋದಲ್ಲಿ ಮಕ್ಕಳನ್ನು ಕಳೆದುಕೊಂಡ ಕೆಲವು ಕುಟುಂಬದವರು, ಎಷ್ಟೇ ಕಂಬಿ ಹಾಕಿದರೂ ನಿಂತು ನೋಡುವುದು ಮತ್ತೆ ಬೇಡ ಅಂತ ಹೇಳಿದರು. ಆ ದುಃಖಕ್ಕೆ ಎದುರು ಮಾತಾಡುವ ಯೋಗ್ಯತೆ ನನಗಿಲ್ಲ. ಆದರೆ ಅವರಿಗೆ ಕುರ್ಚಿಯ ಆಯ್ಕೆ ಇತ್ತು. ನಮ್ಮ ಹಳ್ಳಿಯ ಮೈದಾನಗಳಿಗೆ ಇನ್ನು ಐವತ್ತು ವರ್ಷ ಕಳೆದರೂ ಕುರ್ಚಿ ಬರುವುದಿಲ್ಲ. ನಮ್ಮ ಮುಂದಿರುವುದು ಕೂರುವುದೋ ನಿಲ್ಲುವುದೋ ಎಂಬ ಪ್ರಶ್ನೆ ಅಲ್ಲ. ಲೆಕ್ಕವಿಟ್ಟು ನಿಲ್ಲುವುದೋ, ಲೆಕ್ಕವಿಲ್ಲದೆ ಸಾಯುವುದೋ ಎಂಬುದು.

ಮತ್ತೊಂದು ಅಪಾಯ ಇದೆ. ಎಲ್ಲಾದರೂ ಅನಾಹುತ ಆದ ಕೂಡಲೇ ನಮ್ಮ ಅಧಿಕಾರಿಗಳಿಗೆ ಹೊಳೆಯುವುದು ಒಂದೇ ಉಪಾಯ: ಬಂದ್ ಮಾಡಿಬಿಡು. ಕುಸ್ತಿ ಬಂದ್, ಕಬಡ್ಡಿ ಬಂದ್, ಮಕ್ಕಳ ಪಂದ್ಯಕ್ಕೆ ಪ್ರೇಕ್ಷಕರೇ ಬೇಡ. ಸೈಕಲ್ಲಿನ ಮೇಲೆ ಮೂರು ಹಳ್ಳಿ ದಾಟಿ ಬಂದು ಮಗಳ ಖೋಖೋ ನೋಡುವ ಅಪ್ಪನಿಗೆ ಟೀವಿಯಲ್ಲಿ ಆ ಪಂದ್ಯ ಯಾರು ತೋರಿಸುತ್ತಾರೆ? ಅವನು ಮೈದಾನದ ಬದಿಗೆ ನಿಂತು ಮಗಳ ಹೆಸರು ಹಿಡಿದು ಕೂಗುವುದೇ ಆ ಹುಡುಗಿಗೆ ದೊಡ್ಡ ಬಹುಮಾನ. ಅದನ್ನು ಕಿತ್ತುಕೊಳ್ಳುವುದು ಸುರಕ್ಷೆ ಅಲ್ಲ, ಸೋಮಾರಿತನ.

ಆದ್ದರಿಂದ ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಲ್ಲಿ, ಪಾಲಕರಲ್ಲಿ, ಎಲ್ಲ ಗುರುಬಂಧು-ಭಗಿನಿಯರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಭೆಗೆ ಅಳತೆ ಟೇಪು ತನ್ನಿ. ಮೈದಾನ ಅಳೆಯುವ ಕೆಲಸ ಆರನೆಯ, ಏಳನೆಯ ವರ್ಗದ ಮಕ್ಕಳಿಗೆ ಕೊಡಿ, ಅವರಿಗೆ ಕ್ಷೇತ್ರಫಲದ ಪಾಠವೂ ಆದೀತು. ಬಂದ ಸಂಖ್ಯೆಯನ್ನು ಠರಾವಿನಲ್ಲಿ ಬರೆದು ಗ್ರಾಮ ಪಂಚಾಯತಿಗೆ ಕೊಡಿ. ಬಾಯಿಮಾತಿಗೆ ಬೆಲೆ ಇಲ್ಲ, ಕಾಗದಕ್ಕೆ ಆವಕ ನಂಬರು ಬೀಳಲಿ. ನಾಳೆ ಯಾರಾದರೂ "ಇಷ್ಟು ಮಂದಿ ಬರ್ತಾರಂತ ನಮಗ ಗೊತ್ತೇ ಇರಲಿಲ್ಲ" ಅಂದರೆ ಆ ಕಾಗದ ತೋರಿಸಲು ಬರಬೇಕು.

ನಿಮ್ಮ ಊರಿನ ಮೈದಾನದಲ್ಲಿ ಎಷ್ಟು ಜನ ನಿಲ್ಲಬಹುದು? ಅಳೆದು ಹೇಳಿ ನೋಡೋಣ.